ನಮ್ಮ ಹೊಲದ ಗೌಜಲಕ್ಕಿ ನಮ್ಮದೇ ಅಲ್ವಾ?

ಪ್ರಶ್ನೆ: ಹಿರಿಯೂರಿನ ಹತ್ತಿರ ನಮ್ಮದು ಆರು ಎಕರೆ ಖುಷ್ಕಿ ಜಮೀನು. ಮೊದಲು ಬೆಳಗಾದರೆ ಗೌಜಲಕ್ಕಿ ಕೂಗು. ಈಗ ಎರಡೋ ಮೂರೋ ಉಳಿದಿವೆ. ಸ್ವಂತ ಹೊಲದಲ್ಲಿ ವರ್ಷಕ್ಕೊಂದು ಉರುಲಿಗೆ ಹಿಡಿದರೆ ತಪ್ಪಾ? ಅವು ಜಾಸ್ತಿ ಆಗಲು ಏನು ಮಾಡಬೇಕು?

ಉತ್ತರ: ತಪ್ಪೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪಹಣಿ ಯಾರ ಹೆಸರಲ್ಲಿದೆ ಅಂತ ನೋಡುವುದಿಲ್ಲ. ಉರುಲು ಒಡ್ಡುವುದೂ ಬೇಟೆ, ಗೂಡು ಕೆಡಿಸುವುದೂ ಬೇಟೆಯೇ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ನಾನೂ ಉರುಲು ಕಟ್ಟಿದವನೇ, ಹಾಗಾಗಿ ಉಪದೇಶ ಬೇಡ ಬಿಡಿ.

ಮೊದಲು ಬದುವಿಗೆ ಬೆಂಕಿ ಇಡುವುದು, ಕಳೆನಾಶಕ ಹೊಡೆಯುವುದು ನಿಲ್ಲಿಸಿ. ಗೌಜಲಕ್ಕಿ ನೆಲದಲ್ಲೇ, ಹುಲ್ಲಿನ ಬುಡದಲ್ಲಿ ಅಂಗೈಯಷ್ಟು ಕೆರೆದು ಮೊಟ್ಟೆ ಇಡುತ್ತದೆ. ಹೋದ ವರ್ಷ ನಮ್ಮ ಬದುವಿನ ಬಾರೆ ಗಿಡದ ಕೆಳಗೆ ಕೆನೆ ಬಣ್ಣದ ಆರು ಮೊಟ್ಟೆ ಇದ್ದವು. ನನ್ನ ಕುಡುಗೋಲು ಇನ್ನೊಂದು ಗೇಣು ಆಚೆ ಹೋಗಿದ್ದರೆ ಮುಗೀತಿತ್ತು! ಮುಳ್ಳುಬೇಲಿ ಕಿತ್ತು ಬರೀ ತಂತಿ ಹಾಕಬೇಡಿ, ರಾತ್ರಿ ಅವು ಮುಳ್ಳುಗಿಡ ಏರಿಯೇ ಮಲಗುತ್ತವೆ. ಗೆದ್ದಲು ಹುತ್ತ ಇದ್ದರೆ ಸುಮ್ನೆ ಬಿಡಿ, ಮರಿಗಳಿಗೆ ಅದೇ ಊಟ. ಮರಿ ಓಡಾಡುವ ದಿನಗಳಲ್ಲಿ ನಾಯಿಯನ್ನು ಮಾತ್ರ ಕಟ್ಟಿಹಾಕಿ.