ಕ್ಯಾಸೆಟ್ಟಿನಲ್ಲಿ ಹಿಡಿಸದ ಅರ್ಧ ನಿಮಿಷ

ನಮಸ್ಕಾರ.

‘ಪಿಂಕ್ ಫ್ಲಾಯ್ಡ್: ಅಭಿಮಾನಿಗಳು ಮೆಚ್ಚಿದ ಹತ್ತು ಹಾಡು, ಐದು ಆಲ್ಬಮ್’ ಅನ್ನುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಒಂದು ಸಲ ಆಫೀಸಿನಲ್ಲಿ, ಇನ್ನೊಂದು ಸಲ ಮನೆಯಲ್ಲಿ ಹಾಡುಗಳನ್ನು ಹಾಕಿಕೊಂಡು. ಇದ್ದ ಹಾಗೇ ಅಚ್ಚು ಹಾಕಲು ಆಗುವುದಿಲ್ಲ. ಹಾಗಂತ ‘ವಿಷಾದಿಸುತ್ತೇವೆ’ ಅಂತ ಸುಮ್ನೆ ಒಂದು ಸಾಲು ಬರೆದು ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಕಾರಣ ನಿಮ್ಮ ಆರನೇ ಪುಟದಲ್ಲಿದೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಬೈಯುವ ಕೆಲಸ ಮುಗಿಸಿಬಿಡುತ್ತೇನೆ.

‘ಪಿಂಕ್ ಫ್ಲಾಯ್ಡ್ ಹೆಸರು ಕೇಳದವರು ಯಾರಿದ್ದಾರೆ?’ ಅಂತ ಶುರು ಮಾಡಿದ್ದೀರಿ. ಇದ್ದಾರೆ. ನಮ್ಮ ಓದುಗರಲ್ಲಿ ಬಹಳ ಜನ ಇದ್ದಾರೆ. ನಮ್ಮಲ್ಲಿ ಪ್ರೂಫ್ ನೋಡುವವರು ನಿಮ್ಮ ಲೇಖನ ಪೂರ್ತಿ ಓದಿ, ‘ಸರ್, ಇವರು ಒಬ್ಬರಾ ಅಥವಾ ಗುಂಪಾ?’ ಅಂತ ಕೇಳಿದರು. ಅವರನ್ನು ನೋಡಿ ನಗಬೇಡಿ. ‘ನಿಮ್ಮಲ್ಲಿ ಪಿಂಕ್ ಯಾರು?’ ಅಂತ ಆ ಬ್ಯಾಂಡಿನವರನ್ನೇ ಕೇಳಿದವರಿದ್ದಾರೆ. ಅವರು ಆ ಪ್ರಶ್ನೆಯನ್ನೇ ‘ಹ್ಯಾವ್ ಎ ಸಿಗಾರ್’ ಹಾಡಿನೊಳಗೆ ತೂರಿಸಿ ರೆಕಾರ್ಡ್ ಕಂಪನಿಗಳ ಜನರನ್ನು ಗೇಲಿ ಮಾಡಿದರು.

ಇವರು ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡ್ ಅಂತ ಹೇಳಲು ನಾಲ್ಕು ಸಾಲು ಸಾಕಿತ್ತು. 1965ರ ಲಂಡನ್. ಸಿಡ್ ಬ್ಯಾರೆಟ್, ರೋಜರ್ ವಾಟರ್ಸ್, ರಿಚರ್ಡ್ ರೈಟ್, ನಿಕ್ ಮೇಸನ್ ಅನ್ನುವ ಹುಡುಗರು. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಅಂತ ಅಮೆರಿಕದ ಇಬ್ಬರು ಬ್ಲೂಸ್ ಗಾಯಕರ ಹೆಸರು ಜೋಡಿಸಿ ಸಿಡ್ ಬ್ಯಾಂಡಿಗೆ ಹೆಸರಿಟ್ಟರು. ಮೊದಮೊದಲು ಹಾಡು ಬರೆಯುವವರು, ಹಾಡುವವರು, ಎಲ್ಲರ ಕಣ್ಣು ಸೆಳೆಯುವವರು ಅವರೇ. ಆಮೇಲೆ ಸಿಡ್ ಮನಸ್ಸಿನ ಸ್ಥಿಮಿತ ತಪ್ಪಿತು. 1968ರಲ್ಲಿ ಬ್ಯಾಂಡಿನಿಂದ ಹೊರಬಂದರು. ಅಷ್ಟರಲ್ಲಿ ಡೇವಿಡ್ ಗಿಲ್ಮೋರ್ ಗಿಟಾರ್ ಹಿಡಿದು ಬಂದಾಗಿತ್ತು. ಇಷ್ಟು ಗೊತ್ತಿಲ್ಲದ ಓದುಗನಿಗೆ ನಿಮ್ಮ ಪಟ್ಟಿಯ ಅರ್ಧ ಹಾಡುಗಳು ಯಾರ ಬಗ್ಗೆ ಅಂತಲೇ ತಿಳಿಯುವುದಿಲ್ಲ.

ಇನ್ನು ತಪ್ಪುಗಳು. ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್ ಹದಿನೈದು ವರ್ಷ ಅಮೆರಿಕದಲ್ಲಿ ನಂಬರ್ ಒನ್ ಆಗಿತ್ತು’ ಅಂದಿದ್ದೀರಿ. ಆ ಆಲ್ಬಮ್ ನಂಬರ್ ಒನ್ ಆಗಿದ್ದದ್ದು ಒಂದೇ ವಾರ, 1973ರಲ್ಲಿ. ಆದರೆ ಅಲ್ಲಿ ಹೆಚ್ಚು ಮಾರಾಟವಾಗುವ ಮೊದಲ 200 ಆಲ್ಬಮ್‌ಗಳ ಪಟ್ಟಿಯೊಳಗೆ 1973ರಿಂದ 1988ರ ನಡುವೆ ಒಟ್ಟು 741 ವಾರ ಇತ್ತು. ನಿಜ ಸಂಗತಿಯೇ ಜಾಸ್ತಿ ಸ್ವಾರಸ್ಯವಾಗಿದೆ ಅಲ್ವಾ? ಒಂದು ವಾರ ಅಟ್ಟ ಹತ್ತಿ ಇಳಿದು, ಆಮೇಲೆ ಹೊರಡುವ ಮಾತೇ ಆಡದೆ ಜಗಲಿಯ ಮೂಲೆ ಹಿಡಿದ ನೆಂಟರ ಹಾಗೆ. ಇಂಗ್ಲೆಂಡಿನಲ್ಲಂತೂ ಆಗ ಅದು ಎರಡನೇ ಸ್ಥಾನದಿಂದ ಮೇಲೆ ಹೋಗಲೇ ಇಲ್ಲ. ‘ಹ್ಯಾವ್ ಎ ಸಿಗಾರ್’ ಹಾಡಿನಲ್ಲಿ ‘ವಾಟರ್ಸ್ ದನಿಯ ಮಾಂತ್ರಿಕತೆ’ ಕೇಳಿಸಿತು ಅಂದಿದ್ದೀರಿ. ಅದು ರಾಯ್ ಹಾರ್ಪರ್ ದನಿ. ಅವರು ಬ್ಯಾಂಡಿನವರೇ ಅಲ್ಲ, ಅದೇ ಸ್ಟುಡಿಯೋದಲ್ಲಿ ತಮ್ಮ ಹಾಡು ರೆಕಾರ್ಡ್ ಮಾಡಲು ಬಂದಿದ್ದವರು. ಇಲ್ಲದ ದನಿಯ ಮಾಂತ್ರಿಕತೆ ನಿಮಗೆ ಹೇಗೆ ಕೇಳಿಸಿತು? ಇದನ್ನು ಎಲ್ಲಿಂದಲೋ ಎತ್ತಿಕೊಂಡಿದ್ದೀರಿ ಅಂತ ಅನುಮಾನ. ಬೇಜಾರು ಮಾಡಿಕೊಳ್ಳಬೇಡಿ. ಕೇಳಿ ಬರೆದ ಸಾಲು, ಓದಿ ಬರೆದ ಸಾಲು ಎರಡೂ ಒಂದೇ ಪುಟದಲ್ಲಿದ್ದರೆ ಬೇರೆ ಬೇರೆ ಅಂತ ಗೊತ್ತಾಗಿಬಿಡುತ್ತದೆ.

‘ಅದ್ಭುತ’ ಎಷ್ಟು ಸಲ ಬಂದಿದೆ ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಹೋದೆ. ಹತ್ತೊಂಬತ್ತು. ‘ಸ್ವರ್ಗೀಯ’ ಏಳು. ಅದರಲ್ಲೊಂದು ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ಗೆ ಸಿಕ್ಕಿದೆ: ‘ಗಾಯಕಿಯ ಸ್ವರ್ಗೀಯ ಕಂಠ’. ಆ ಗಾಯಕಿಗೆ ಹೆಸರಿದೆ, ಕ್ಲೇರ್ ಟೋರಿ. 1973ರ ಜನವರಿಯ ಒಂದು ಭಾನುವಾರ ಲಂಡನ್ನಿನ ಆಬಿ ರೋಡ್ ಸ್ಟುಡಿಯೋಗೆ ಕರೆಸಿದರು. ಹಾಡಲು ಸಾಹಿತ್ಯವೇ ಇಲ್ಲ. ‘ಮಾತು ಬೇಡ, ಬರೀ ದನಿ’ ಅಂದರು. ಆಕೆ ತನ್ನ ಗಂಟಲನ್ನೇ ಒಂದು ವಾದ್ಯ ಅಂದುಕೊಂಡು ಹಾಡಿದರು. ಮುಗಿದ ಮೇಲೆ ‘ಅತಿಯಾಯಿತೇನೋ’ ಅಂತ ನಾಚಿಕೊಂಡರು. ಸಂಭಾವನೆ 30 ಪೌಂಡ್. ಭಾನುವಾರ ಅಂತ ಅದೂ ಡಬಲ್! 2004ರಲ್ಲಿ ಆಕೆ ಕೇಸು ಹಾಕಿದರು. 2005ರಲ್ಲಿ ರಾಜಿಯಾಯಿತು. ಆಮೇಲೆ ಆ ಹಾಡಿನ ರಚನೆಕಾರರ ಸಾಲಿನಲ್ಲಿ ರೈಟ್ ಹೆಸರಿನ ಪಕ್ಕದಲ್ಲಿ ಟೋರಿ ಹೆಸರೂ ಬಂತು. ಈಗ ಹಾಡು ಹಾಕಿ ಕೇಳಿ. ನಡುವೆ ದನಿ ಇದ್ದಕ್ಕಿದ್ದಂತೆ ಇಳಿದು, ಅತ್ತು ಸುಸ್ತಾದವರ ಹಾಗೆ ಆಗುತ್ತದಲ್ಲ, ಅದನ್ನು ಹೇಳಲು ‘ಸ್ವರ್ಗೀಯ’ ಏನಕ್ಕೂ ಬರುವುದಿಲ್ಲ.

ಇಂಗ್ಲಿಷ್ ಹೆಸರುಗಳನ್ನು ಕನ್ನಡಕ್ಕೆ ತಂದ ರೀತಿಯ ಬಗ್ಗೆಯೂ ಒಂದು ಮಾತು. ‘ಆರ್ಟ್ ರಾಕ್’ ಅನ್ನು ‘ಕಲಾಶಿಲಾ ಸಂಗೀತ’ ಮಾಡಿದ್ದೀರಿ. ಹಂಪಿಯ ವಿಠ್ಠಲ ಗುಡಿಯ ಕಂಬಗಳ ಮೇಲೆ ಲೇಖನ ಬಂದಿದೆ ಅಂದುಕೊಂಡೆ. ಆರ್ಟ್ ರಾಕ್ ಅಂತಲೇ ಬಿಡಿ. ಮೂರು ನಿಮಿಷದ ಪ್ರೇಮಗೀತೆಗೆ ಒಗ್ಗದ, ಇಡೀ ಆಲ್ಬಮನ್ನೇ ಒಂದು ಕಟ್ಟಡದ ಹಾಗೆ ಕಟ್ಟುವ ರಾಕ್ ಅಂತ ಒಂದು ಸಾಲಿನಲ್ಲಿ ಬಿಡಿಸಿ ಹೇಳಿದರೆ ಆಯಿತು. ‘ಕಂಫರ್ಟಬ್ಲಿ ನಂಬ್’ ನಿಮ್ಮ ಕೈಯಲ್ಲಿ ‘ಆರಾಮದಾಯಕ ಜಡತ್ವ’ ಆಗಿದೆ. ನಮ್ಮಲ್ಲಿ ‘ಜೋಮು’ ಅನ್ನುವ ಒಳ್ಳೆಯ ಮಾತಿದೆಯಲ್ಲ, ಅದನ್ನು ಯಾಕೆ ಮರೆತಿರಿ? ಆ ಹಾಡು ಹುಟ್ಟಿದ್ದೇ ಜೋಮಿನಿಂದ. 1977ರಲ್ಲಿ ಫಿಲಡೆಲ್ಫಿಯಾದಲ್ಲಿ ಕಾರ್ಯಕ್ರಮಕ್ಕೆ ಮುಂಚೆ ವಾಟರ್ಸ್‌ಗೆ ಹೊಟ್ಟೆನೋವು. ಡಾಕ್ಟರು ಚುಚ್ಚುಮದ್ದು ಕೊಟ್ಟು ವೇದಿಕೆಗೆ ಹತ್ತಿಸಿದರು. ಕೈ ತನ್ನದು ಅನ್ನಿಸದ ಸ್ಥಿತಿಯಲ್ಲೇ ಅವರು ಇಡೀ ಹೊತ್ತು ಬಾರಿಸಿದರು. ಡಾಕ್ಟರ ಮಾತಿನ ಭಾಗ ವಾಟರ್ಸ್ ಹಾಡುತ್ತಾರೆ, ಜೋಮು ಹಿಡಿದವನ ಉತ್ತರ ಗಿಲ್ಮೋರ್ ಹಾಡುತ್ತಾರೆ. ನೀವು ಪೂರ್ತಿ ಗಿಲ್ಮೋರ್ ಅಂತ ಬರೆದಿದ್ದೀರಿ. ಎರಡು ದನಿ ಬೇರೆ ಬೇರೆ ಅನ್ನುವುದೇ ಆ ಹಾಡಿನ ಜೀವ, ಸ್ವಾಮಿ.

‘ವಿಶ್ ಯು ವರ್ ಹಿಯರ್’ ಅನ್ನು ‘ನೀನಿಲ್ಲಿರಬೇಕಿತ್ತು’ ಅಂದದ್ದು ಮಾತ್ರ ಚೆನ್ನಾಗಿದೆ. ಅದನ್ನು ಮುಟ್ಟಬೇಡಿ.

ಪಟ್ಟಿಯ ವಿಷಯ. ಒಂದರಿಂದ ಹತ್ತು ಅಂತ ಸಂಖ್ಯೆ ಕೊಟ್ಟ ಕೂಡಲೇ ಓದುಗ ನೇರ ಒಂದಕ್ಕೆ ಹಾರಿ, ‘ಓ ಇದಾ’ ಅಂದು ಪುಟ ತಿರುಗಿಸುತ್ತಾನೆ. ಅದಕ್ಕಿಂತ ದೊಡ್ಡ ತೊಂದರೆ, ನಿಮ್ಮ ಪಟ್ಟಿಯಲ್ಲಿ ಜಗಳವೇ ಇಲ್ಲ. ಪಿಂಕ್ ಫ್ಲಾಯ್ಡ್ ಅಭಿಮಾನಿಗಳಷ್ಟು ಜಗಳಗಂಟರು ಅಪರೂಪ. ಸಿಡ್ ಹೋದ ಮೇಲೆ ಬ್ಯಾಂಡೇ ಮುಗಿಯಿತು ಅನ್ನುವವರು ಒಂದು ಕಡೆ, 1967ರ ಮೊದಲ ಆಲ್ಬಮ್ ಬಿಟ್ಟು ಬೇರೇನೂ ಹಾಕುವುದಿಲ್ಲ. ವಾಟರ್ಸ್ ಕಡೆಯವರಿಗೆ ‘ದಿ ವಾಲ್’ ವೇದ. ಗಿಲ್ಮೋರ್ ಕಡೆಯವರು ‘ಮಾತು ಯಾರು ಕೇಳ್ತಾರೆ, ಗಿಟಾರ್ ಕೇಳಿ’ ಅನ್ನುತ್ತಾರೆ. ಇನ್ನೊಂದು ಪಂಗಡ 1977ರ ‘ಅನಿಮಲ್ಸ್’ ಪಂಗಡ. ರೇಡಿಯೋದಲ್ಲಿ ಹಾಕಲು ಒಂದು ಹಾಡೂ ಸಿಗದ ಆಲ್ಬಮ್ ಅದು. ‘ಡಾಗ್ಸ್’ ಒಂದೇ ಹದಿನೇಳು ನಿಮಿಷ. ಅದನ್ನು ಮೆಚ್ಚುವವರಿಗೆ ಅದನ್ನು ಮೆಚ್ಚುತ್ತೇವೆ ಅನ್ನುವುದೇ ಒಂದು ಹೆಮ್ಮೆ. ನೀವು ಅದನ್ನು ಐದನೇ ಸ್ಥಾನದಲ್ಲಿಟ್ಟು ‘ಇದೂ ಒಂದು ಅದ್ಭುತ ಆಲ್ಬಮ್’ ಅಂದಿದ್ದೀರಿ. ಆ ಪಂಗಡದವರು ಓದಿದರೆ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಮೆಚ್ಚುವುದು ಬಿಡುವುದು ಅಷ್ಟು ಸರಳ ಅಲ್ಲ ಅನ್ನಲು ‘ಆಟಮ್ ಹಾರ್ಟ್ ಮದರ್’ ಒಂದು ಸಾಕು, 1970ರದ್ದು. ಹೊದಿಕೆಯ ಮೇಲೆ ಒಂದು ಹಸು, ಬೇರೇನೂ ಇಲ್ಲ. ಇಂಗ್ಲೆಂಡಿನಲ್ಲಿ ಇವರ ಮೊದಲ ನಂಬರ್ ಒನ್ ಆಲ್ಬಮ್ ಅದೇ. ಆಮೇಲೆ ವಾಟರ್ಸ್, ಗಿಲ್ಮೋರ್ ಇಬ್ಬರೂ ಅದನ್ನು ಬೈದರು. ಮಿಕ್ಕ ವಿಷಯಗಳಲ್ಲಿ ಒಬ್ಬರ ಮುಖ ಒಬ್ಬರಿಗೆ ಆಗದವರು ಇದರಲ್ಲಿ ಒಂದಾದರು. (ನನ್ನ ಪಕ್ಷ ಯಾವುದು ಅಂದರೆ, 1971ರ ‘ಮೆಡ್ಲ್’ ಆಲ್ಬಮಿನ ‘ಎಕೋಸ್’. ಇಪ್ಪತ್ತಮೂರು ನಿಮಿಷ. ಶುರುವಿನಲ್ಲಿ ರೈಟ್ ಪಿಯಾನೋದ ಒಂದೇ ಸ್ವರ, ಬಾವಿಯೊಳಗೆ ಹನಿ ಬಿದ್ದ ಹಾಗೆ. ಆ ಹನಿ ಬಿದ್ದ ಮೇಲೆ ನಾನು ಫೋನ್ ಎತ್ತುವುದಿಲ್ಲ.)

ಈಗ ಆರನೇ ಪುಟ. ನೀವು ಬರೆದದ್ದನ್ನೇ ಇಲ್ಲಿ ಹಾಕುತ್ತೇನೆ:

‘ಅಣ್ಣ ಇಂಜಿನಿಯರಿಂಗ್ ಹಾಸ್ಟೆಲಿನಿಂದ 90 ನಿಮಿಷದ ಒಂದು ಕ್ಯಾಸೆಟ್ ತಂದಿದ್ದ. ಒಂದು ಬದಿ ಡಾರ್ಕ್ ಸೈಡ್, ಇನ್ನೊಂದು ಬದಿ ವಿಶ್ ಯು ವರ್ ಹಿಯರ್. ಎರಡನೇ ಬದಿಯಲ್ಲಿ ಹಾಡು ಮುಗಿಯುವ ಮೊದಲೇ ಟೇಪು ಟಕ್ ಅಂತ ನಿಲ್ಲುತ್ತಿತ್ತು. ಅದರ ಕೊನೆ ಕೇಳಿದ್ದು ಹನ್ನೊಂದು ವರ್ಷದ ನಂತರ, ಕಂಪ್ಯೂಟರಿನಲ್ಲಿ. ಇರಲಿ, ಈಗ ಏಳನೇ ಸ್ಥಾನದ ಹಾಡಿಗೆ ಬರೋಣ.’

ಬರೋಣ ಬೇಡ. ಅಲ್ಲೇ ನಿಲ್ಲಿ.

‘ವಿಶ್ ಯು ವರ್ ಹಿಯರ್’ ಆಲ್ಬಮ್ 44 ನಿಮಿಷಕ್ಕೆ ಸ್ವಲ್ಪ ಜಾಸ್ತಿ. ಕ್ಯಾಸೆಟ್ಟಿನ ಒಂದು ಬದಿ 45. ರೆಕಾರ್ಡ್ ಬಟನ್ ಒತ್ತಿದ ಮೇಲೆ ಹಾಡು ಶುರುವಾಗುವುದು ತುಸು ತಡವಾದರೂ ಬಾಲ ಕತ್ತರಿಸಿಹೋಗುತ್ತದೆ. ನಿಮ್ಮಣ್ಣನ ಕ್ಯಾಸೆಟ್ಟಿನಲ್ಲಿ ಕತ್ತರಿಸಿಹೋದ ಆ ಬಾಲದಲ್ಲಿ ಏನಿತ್ತು ಗೊತ್ತಾ? ನೀವು ಬರೆದಿಲ್ಲ, ಹಾಗಾಗಿ ಗೊತ್ತಿಲ್ಲ ಅಂದುಕೊಳ್ಳುತ್ತೇನೆ.

‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಸಿಡ್‌ಗಾಗಿ ಬರೆದ ಹಾಡು. ಒಂಬತ್ತು ಭಾಗ. ಅದನ್ನು ಎರಡಾಗಿ ಸೀಳಿ ಆಲ್ಬಮಿನ ತಲೆಗೊಂದು, ಬಾಲಕ್ಕೊಂದು ಇಟ್ಟರು. ತಲೆಯ ಕಡೆ ನಾಲ್ಕು ನಿಮಿಷದ ಹೊತ್ತಿಗೆ ಗಿಲ್ಮೋರ್ ಗಿಟಾರಿನಲ್ಲಿ ಬರೀ ನಾಲ್ಕು ಸ್ವರ ಬರುತ್ತವೆ. ಅದನ್ನು ‘ನಮ್ಮ ಆಲಾಪದಂತೆ’ ಅಂದಿದ್ದೀರಿ, ಅಲ್ಲ. ಆಲಾಪ ರಾಗವನ್ನು ಬಿಡಿಸುತ್ತಾ ಹೋಗುತ್ತದೆ. ಇದು ಬಾಗಿಲು ತಟ್ಟಿ ಸುಮ್ಮನೆ ಕಾಯುತ್ತದೆ, ಮತ್ತೆ ತಟ್ಟುತ್ತದೆ. ಎಂಟೂವರೆ ನಿಮಿಷ ದಾಟಿದ ಮೇಲೆಯೇ ಹಾಡುವ ದನಿ. ಬಾಲದ ಕಡೆ, ಕಟ್ಟಕಡೆಗೆ, ಎಲ್ಲರೂ ನಿಲ್ಲಿಸಿ ರೈಟ್ ಕೀಬೋರ್ಡ್ ಒಂದೇ ಉಳಿದು ಸದ್ದು ಕರಗುತ್ತಾ ಹೋಗುವಾಗ, ಅವರು ಒಂದು ಹಳೇ ಧಾಟಿಯ ತುಣುಕು ನುಡಿಸುತ್ತಾರೆ. ಅದು ‘ಸೀ ಎಮಿಲಿ ಪ್ಲೇ’. ಸಿಡ್ ಬರೆದು ಹಾಡಿ, 1967ರಲ್ಲಿ ಇಂಗ್ಲೆಂಡಿನ ಪಟ್ಟಿಯಲ್ಲಿ ಆರನೇ ಸ್ಥಾನಕ್ಕೆ ಹೋದ ಹಾಡು. ಕಿವಿಗೊಡದಿದ್ದರೆ ತಪ್ಪಿಹೋಗುತ್ತದೆ. ಎಲ್ಲ ಸೇರಿ ಕೊನೆಯ ಅರ್ಧ ನಿಮಿಷ.

ಹನ್ನೊಂದು ವರ್ಷ ನಿಮಗೆ ಸಿಗದೇ ಹೋದದ್ದು ಆ ಅರ್ಧ ನಿಮಿಷ. ಇಲ್ಲದವನ ಬಗ್ಗೆ ಮಾಡಿದ ಆಲ್ಬಮಿನಲ್ಲಿ ಅವನು ಬಂದುಹೋಗುವ ಜಾಗವೇ ನಿಮ್ಮ ಮನೆಯಲ್ಲಿ ಇರಲಿಲ್ಲ. ಇದನ್ನು ಬಿಟ್ಟು ಏಳನೇ ಸ್ಥಾನಕ್ಕೆ ಓಡಿಬಿಟ್ಟಿರಲ್ಲ!

ಹಾಗಾಗಿ ಹೀಗೆ ಮಾಡಿ. ಪಟ್ಟಿ ತೆಗೆಯಿರಿ. ಐದು ಆಲ್ಬಮಿನಲ್ಲಿ ‘ವಿಶ್ ಯು ವರ್ ಹಿಯರ್’ ಒಂದನ್ನೇ ಇಟ್ಟುಕೊಳ್ಳಿ. ನೀವು ಒಂಟಿಯೇನೂ ಅಲ್ಲ, ಗಿಲ್ಮೋರ್ ಮತ್ತು ರೈಟ್ ಇಬ್ಬರೂ ತಮಗೆ ಮೆಚ್ಚಿನದು ಅದೇ ಅಂದಿದ್ದಾರೆ. ‘ಡಾರ್ಕ್ ಸೈಡ್’ ಕ್ಯಾಸೆಟ್ಟಿನ ಇನ್ನೊಂದು ಬದಿಯಾಗಿ ಬಂದುಹೋಗಲಿ.

1975ರ ಜೂನ್ 5ರಂದು ಸಿಡ್ ಸ್ಟುಡಿಯೋಗೆ ಬಂದ ಕಥೆಯನ್ನು ಎರಡು ಪುಟ ಬರೆದಿದ್ದೀರಿ. ಬಿಕ್ಕಳಿಕೆ, ಮೌನ, ಕಿಟಕಿಯಾಚೆ ಮಳೆ. ಆ ಮಳೆ ಎಲ್ಲಿಂದ ತಂದಿರಿ? ಬ್ಯಾಂಡಿನವರು ಅದೇ ‘ಶೈನ್ ಆನ್’ ಹಾಡಿನ ಕೆಲಸದಲ್ಲಿದ್ದರು. ದಪ್ಪಗಾದ, ತಲೆ ಬೋಳಿಸಿದ, ಹುಬ್ಬೂ ಇಲ್ಲದ ಒಬ್ಬ ಬಂದು ನಿಂತ. ತುಂಬಾ ಹೊತ್ತು ಯಾರಿಗೂ ಗುರುತು ಹತ್ತಲಿಲ್ಲ. ಇಷ್ಟೇ ಬರೆಯಿರಿ. ಹುಬ್ಬು ಇಲ್ಲ ಅಂದಮೇಲೆ ಮಳೆ ಬೇಕಾಗುವುದಿಲ್ಲ.

2002ರಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ ಸಂಗತಿಯನ್ನು ಪೇಪರಿನ ಸುದ್ದಿಯ ಹಾಗೆ ಬರೆದು, ‘ಅಣ್ಣ ಹೋಗಿದ್ದ’ ಅಂತ ಎರಡು ಪದ ಸೇರಿಸಿದ್ದೀರಿ. ಅಣ್ಣನಿಗೆ ಫೋನ್ ಮಾಡಿ. ದಾವಣಗೆರೆಯಿಂದ ಯಾವ ಬಸ್ಸಿಗೆ ಹೋದರು, ಟಿಕೆಟ್ಟಿನ ದುಡ್ಡು ಯಾರು ಕೊಟ್ಟರು, ಯಾವ ಹಾಡಿಗೆ ಏನಾಯಿತು, ಕೇಳಿ. ಈಗ ಅವರು ಈ ಹಾಡುಗಳನ್ನೆಲ್ಲ ಕೇಳುವುದೇ ಇಲ್ಲ ಅಂತ ಇನ್ನೊಂದು ಕಡೆ ಬರೆದಿದ್ದೀರಿ. ಯಾವಾಗ ಬಿಟ್ಟರು ಅಂತಲೂ ಕೇಳಿ. ಯಾಕೆ ಅಂತ ಒತ್ತಾಯ ಮಾಡಬೇಡಿ, ಹೇಳಿದರೆ ಹೇಳಲಿ. ಆ ಕೊನೆಯ ಅರ್ಧ ನಿಮಿಷ ಅವರು ಎಂದಾದರೂ ಕೇಳಿದ್ದಾರಾ? ಇಲ್ಲ ಅಂದರೆ ಫೋನಿನಲ್ಲೇ ಕೇಳಿಸಿ.

ಸಾವಿರದಿನ್ನೂರು ಪದ ಸಾಕು. ‘ಅದ್ಭುತ’ ಒಂದು ಸಲ ಬಳಸಲು ಅನುಮತಿ ಇದೆ. ಮುಂದಿನ ತಿಂಗಳ ಇಪ್ಪತ್ತರೊಳಗೆ ಬಂದರೆ ಅದರ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಕ್ಯಾಸೆಟ್ ಇನ್ನೂ ಮನೆಯಲ್ಲಿದ್ದರೆ ಒಂದು ಫೋಟೋ ಕಳಿಸಿ. ಅದರ ಚೀಟಿಯ ಮೇಲೆ ಅಣ್ಣ ಬ್ಯಾಂಡಿನ ಹೆಸರನ್ನು ಹೇಗೆ ಬರೆದಿದ್ದರು ಅನ್ನುವುದನ್ನು ಲೇಖನದಲ್ಲೂ ಹಾಕಿ. ಸ್ಪೆಲ್ಲಿಂಗ್ ತಪ್ಪಿದ್ದರೆ ತಿದ್ದಬೇಡಿ.