ಡಿಸೆಂಬರ್ 1ಕ್ಕೆ ಕರೆದಿದ್ದಾರೆ ಅಂದರೆ ಹೋಗಿ ಬನ್ನಿ

ಬ್ರಸೆಲ್ಸ್‌ಗೆ ಬಂದು ಮೂರು ತಿಂಗಳಾಯಿತು, ರಜೆಯ ದಿನ ಮನೆ ನೆನಪು ಜಾಸ್ತಿ ಕಾಡುತ್ತದೆ ಅಂತ ಬರೆದಿದ್ದೀರಿ. ಆಫೀಸಿನ ರೊಮೇನಿಯಾದ ಗೆಳತಿ ಡಿಸೆಂಬರ್ 1ರ ಹಬ್ಬಕ್ಕೆ ಕರೆದಿದ್ದಾಳೆ, ನಾನು ಸಸ್ಯಾಹಾರಿ, ಅವರ ಭಾಷೆ ಬರುವುದಿಲ್ಲ, ಹೋಗಲಾ ಬೇಡವಾ ಅಂತ ಕೇಳಿದ್ದೀರಿ.

ಖಂಡಿತ ಹೋಗಿ. ನಾನಿಲ್ಲಿಗೆ ಬಂದು ಹದಿನೇಳು ವರ್ಷ. ಮೊದಲ ಎರಡು ವರ್ಷ ನಮ್ಮವರು ಸಿಕ್ಕರೆ ಮಾತ್ರ ಮಾತು ಅಂತ ಬಾಗಿಲು ಹಾಕಿಕೊಂಡು ಕೂತಿದ್ದೆ. ಐದಕ್ಕೆ ಮುಂಚೆಯೇ ಕತ್ತಲಾಗುವ ಈ ಚಳಿಗಾಲದಲ್ಲಿ ಹಾಗೆ ಕೂರುವುದು ತುಂಬಾ ಕಷ್ಟ.

ಆ ದಿನ ಅವರಿಗೆ ಏನು ಅಂತ ತಿಳಿದುಕೊಂಡು ಹೋದರೆ ಒಳ್ಳೆಯದು. 1918ರ ಡಿಸೆಂಬರ್ 1ರಂದು ಆಲ್ಬಾ ಯೂಲಿಯಾ ಊರಲ್ಲಿ ಜನ ಸೇರಿ, ಟ್ರಾನ್ಸಿಲ್ವೇನಿಯಾ ಪ್ರಾಂತ್ಯ ರೊಮೇನಿಯಾಕ್ಕೆ ಸೇರಬೇಕು ಅಂತ ತೀರ್ಮಾನಿಸಿದರು. ಹಂಚಿಹೋಗಿದ್ದ ಒಂದೇ ಭಾಷೆಯ ಜನ ಒಂದಾದ ದಿನ. ನಮ್ಮ ನವೆಂಬರ್ 1 ಇದ್ದ ಹಾಗೆ ಅಲ್ವಾ? ನಾನು ಹಾಗೆ ಹೇಳಿದಾಗಲೆಲ್ಲ ಅವರ ಮುಖ ಅರಳುತ್ತದೆ. ನೀವೂ ರಾಜ್ಯೋತ್ಸವದ ವಿಷಯ ಹೇಳಿ.

ಊಟದ ಚಿಂತೆ ಬೇಡ. ಅವರಲ್ಲಿ ಹೆಚ್ಚಿನವರು ಆರ್ಥೊಡಾಕ್ಸ್ ಕ್ರೈಸ್ತರು. ನವೆಂಬರ್ 15ರಿಂದ ಕ್ರಿಸ್‌ಮಸ್‌ವರೆಗೆ ಅವರಿಗೆ ಉಪವಾಸದ ಕಾಲ. ನೇಮ ಹಿಡಿದವರು ಮಾಂಸ, ಮೊಟ್ಟೆ, ಹಾಲು ಮುಟ್ಟುವುದಿಲ್ಲ. 'ದೆ ಪೊಸ್ತ್' ಅಂತ ಕೇಳಿ, ಉಪವಾಸದ ಅಡುಗೆ ಅಂತ ಅರ್ಥ. ಕೋಸಿನ ಎಲೆಯಲ್ಲಿ ಅನ್ನ, ಅಣಬೆ ಸುತ್ತಿ ಬೇಯಿಸಿದ ಸರ್ಮಾಲೆ ಸಿಗಬಹುದು. ಮೀನಿಗೆ ಕೆಲವು ದಿನ ರಿಯಾಯಿತಿ ಇರುತ್ತದೆ, ಅದೊಂದನ್ನು ಕೇಳಿ ತಿಳಿದುಕೊಳ್ಳಿ. ಮಮಲೀಗ ಇದ್ದರೆ ಬಿಡಬೇಡಿ. ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಕೋಲಿನಲ್ಲಿ ತಿರುವಿ ತಿರುವಿ ಗಟ್ಟಿ ಮಾಡುತ್ತಾರೆ. ಮುದ್ದೆ ಕಂಡ ಕೈಗೆ ಅದೇನೂ ಹೊಸತಲ್ಲ. ಮರದ ಹಲಗೆ ಮೇಲೆ ಮಗುಚಿ, ಚಾಕು ಬಿಟ್ಟು ದಾರದಲ್ಲಿ ಕತ್ತರಿಸುತ್ತಾರೆ. ದಾರವನ್ನು ಅಡಿಗೆ ತೂರಿಸಿ ಮೇಲಕ್ಕೆ ಎಳೆದರೆ ಹಬೆಯಾಡುವ ಹೋಳು ಬರುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ನಮ್ಮ ಅಜ್ಜಿ ಮುದ್ದೆ ಕಟ್ಟುತ್ತಿದ್ದ ಸೌಂಡೇ ಕಿವಿಗೆ ಬಂತು.

ನನ್ನ ಹಳೆಯ ಮನೆಯ ಮೇಲಿನ ಮಹಡಿಯಲ್ಲಿ ಟೈಲ್ಸ್ ಕೆಲಸ ಮಾಡುವ ರೊಮೇನಿಯಾದವರೊಬ್ಬರಿದ್ದರು. 2007ರಲ್ಲಿ ಅವರ ದೇಶ ಯುರೋಪಿಯನ್ ಯೂನಿಯನ್ ಸೇರಿದರೂ, ಬೆಲ್ಜಿಯಂನಲ್ಲಿ ಯಾವ ನಿರ್ಬಂಧವೂ ಇಲ್ಲದೆ ಕೆಲಸಕ್ಕೆ ಸೇರಲು ಅವರು 2014ರವರೆಗೆ ಕಾಯಬೇಕಾಯಿತು. ನಮ್ಮ ವೀಸಾ ಪಾಡು ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಮೆಟ್ಟಿಲ ಮೇಲೆ ಎದುರಾದಾಗ ತಲೆ ತಗ್ಗಿಸಿ ಹೋಗುತ್ತಿದ್ದ ಮನುಷ್ಯ. ಅವರು ಯಾರು ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಯೂರೋಪಾಲಿಯಾದಲ್ಲಿ.

ಯೂರೋಪಾಲಿಯಾ ಇಲ್ಲಿ 1969ರಿಂದ ನಡೆಯುತ್ತಿರುವ ದೊಡ್ಡ ಕಲಾ ಉತ್ಸವ. ಹೆಚ್ಚಾಗಿ ಪ್ರತಿ ಸಲ ಒಂದು ದೇಶ ಅತಿಥಿ. 2013ರಲ್ಲಿ ನಮ್ಮ ಭಾರತವಿತ್ತು. 2019ರ ಅಕ್ಟೋಬರ್‌ನಿಂದ ನಾಲ್ಕು ತಿಂಗಳು ರೊಮೇನಿಯಾ. ಇಲ್ಲಿನ ಕಲಾ ಕೇಂದ್ರ ಬೋಜಾರ್‌ನಲ್ಲಿ ರೊಮೇನಿಯಾದ ಹೆಸರಾಂತ ಶಿಲ್ಪಿ ಬ್ರಂಕುಷ್ ಅವರ ಶಿಲ್ಪಗಳ ಪ್ರದರ್ಶನವಿತ್ತು. ಮೇಲಿನ ಮಹಡಿಯ ಇವರು ತಮ್ಮ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೊರಟಿದ್ದರು, ನನ್ನನ್ನೂ ಕರೆದರು. ಬ್ರಂಕುಷ್ ಅವರದೇ ಗೋರ್ಜ್ ಜಿಲ್ಲೆಯವರಂತೆ, ಹೋಬಿತ್ಸ ಅನ್ನುವ ಹಳ್ಳಿ. ನುಣ್ಣಗೆ ಹೊಳೆಯುವ ಕಂಚಿನ ಮುಂದೆ ಇವರು ತುಂಬಾ ಹೊತ್ತು ನಿಂತರು. "ಇಷ್ಟು ಉಜ್ಜಬೇಕಾದರೆ ಕೈ ಎಷ್ಟು ನೊಂದಿರಬೇಕು" ಅಂದರು. ದಿನವಿಡೀ ಕಲ್ಲು ಉಜ್ಜುವವರ ಮಾತು ಅದು. ಆಮೇಲೆ ಅದೇ ಜಿಲ್ಲೆಯ ತೀರ್ಗು ಜಿಯು ಊರಿನಲ್ಲಿ 1938ರಲ್ಲಿ ಬ್ರಂಕುಷ್ ನಿಲ್ಲಿಸಿದ ಎತ್ತರದ ಕಂಬದ ಫೋಟೋ ಫೋನಿನಲ್ಲಿ ತೋರಿಸಿ, "ನಮ್ಮ ತಾತನ ಮನೆ ಜಗಲಿ ಕಂಬ ನೋಡಿದರೆ ನಿಮಗೆ ಇದು ಎಲ್ಲಿಂದ ಬಂತು ಅಂತ ತಿಳಿಯುತ್ತದೆ" ಅಂದರು. ಮಕ್ಕಳು ಫ್ರೆಂಚಲ್ಲಿ ಪ್ರಶ್ನೆ ಕೇಳುತ್ತಿದ್ದರು, ಅಪ್ಪ ರೊಮೇನಿಯನ್ನಿನಲ್ಲಿ ಉತ್ತರ ಕೊಡುತ್ತಿದ್ದರು. ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ.

ಬ್ರಂಕುಷ್ 1937ರ ಕೊನೆಯಲ್ಲಿ ಭಾರತಕ್ಕೆ ಬಂದಿದ್ದರು, ಇಂದೋರಿನ ಮಹಾರಾಜ ಯಶವಂತರಾವ್ ಹೋಳ್ಕರ್ ಬ್ರಂಕುಷ್ ಕೈಯಲ್ಲಿ ಒಂದು ಗುಡಿ ಕಟ್ಟಿಸಬೇಕು ಅಂದುಕೊಂಡಿದ್ದರು, ಅದು ಆಗಲೇ ಇಲ್ಲ ಅಂತ ನಾನು ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಮಕ್ಕಳಿಬ್ಬರನ್ನೂ ಹತ್ತಿರ ಕರೆದು ಮತ್ತೊಮ್ಮೆ ಹೇಳಿಸಿದರು. ಅವತ್ತಿನಿಂದ ಆ ಮನೆ ನನಗೆ ನೆಂಟರ ಮನೆ.

ನಿಮ್ಮ ಗೆಳತಿಯ ಹಬ್ಬ ಇಷ್ಟು ದೊಡ್ಡದಿರುವುದಿಲ್ಲ. ಒಂದು ಹಾಲ್, ಕಸೂತಿ ಹಾಕಿದ ಬಿಳಿ ಕುಪ್ಪಸ ತೊಟ್ಟ ಹೆಂಗಸರು, ಅದಕ್ಕೆ 'ಈಯೆ' ಅನ್ನುತ್ತಾರೆ, ಜೊತೆಗೆ ಹಾಡು, ಊಟ. ಕೈ ಕೈ ಹಿಡಿದು ಸುತ್ತು ಹಾಕುವ 'ಹೋರ' ಕುಣಿತ ಶುರುವಾದರೆ ಗೋಡೆ ಪಕ್ಕ ನಿಲ್ಲಬೇಡಿ. ಇಬ್ಬರ ಕೈ ಬಿಡಿಸಿ ನಿಮ್ಮನ್ನು ನಡುವೆ ಸೇರಿಸಿಕೊಳ್ಳುತ್ತಾರೆ. ಹೆಜ್ಜೆ ಸುಲಭ, ಪಕ್ಕದವರ ಕಾಲು ನೋಡಿಕೊಂಡರೆ ಸಾಕು.

ಬರಿಗೈಲಿ ಹೋಗಬೇಡಿ. ಹೂ ಒಯ್ಯುವುದಾದರೆ ಮೂರೋ ಐದೋ ಇರಲಿ, ಸಮಸಂಖ್ಯೆಯ ಹೂ ಸಾವಿನ ಮನೆಗೆ ಕೊಡುವಂಥದ್ದು. ಚಕ್ಕುಲಿ ಕೊಟ್ಟರೂ ಸಂತೋಷ, ಉಪವಾಸಕ್ಕೂ ನಡೆಯುತ್ತದೆ, ಬೆಣ್ಣೆ ಹಾಕಬೇಡಿ ಅಷ್ಟೆ.

ಮಾರ್ಚ್ 1ಕ್ಕೆ ಅವಳು ನಿಮಗೆ ಕೆಂಪು ಬಿಳಿ ದಾರ ಹೊಸೆದ ಮರ್ತ್ಸಿಶೋರ್ ಕೊಡಬಹುದು. ವಸಂತ ಬಂತು ಅಂತ ಕೊಡುವ ದಾರ ಅದು. ಕೆಲವು ದಿನ ಕಟ್ಟಿಕೊಂಡಿದ್ದು, ಆಮೇಲೆ ಹೂ ಬಿಟ್ಟ ಮರದ ಕೊಂಬೆಗೆ ಕಟ್ಟುತ್ತಾರೆ. ಅಷ್ಟರಲ್ಲಿ ನಮ್ಮ ಯುಗಾದಿಯೂ ಹತ್ತಿರ ಬಂದಿರುತ್ತದೆ. ಆಗ ಅವಳನ್ನು ಮನೆಗೆ ಕರೆದು ಹೋಳಿಗೆ ಬಡಿಸಿ.