ಮನೆಯ ಸಿಹಿನೀರಿನ ಅಕ್ವೇರಿಯಂಗೆ ಯಾವ ಶೈಲಿಯ ಅಲಂಕಾರ ಆರಿಸಬೇಕು?

ಮೊದಲು ಯಾವ ಮೀನು ಅಂತ ತೀರ್ಮಾನಿಸಿ, ಅಲಂಕಾರ ಆಮೇಲೆ. ಗೋಲ್ಡ್‌ಫಿಶ್ ಸಾಕುವುದಾದರೆ ನಾಜೂಕಾದ ಗಿಡಗಳ ತೋಟ ಉಳಿಯುವುದು ಕಷ್ಟ, ಕಿತ್ತು ತಿಂದುಬಿಡುತ್ತವೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಎಂಬ ಮೀನುಗಳಿಗೆ ಕಲ್ಲಿನ ಸಂದುಗೊಂದಿ ಬೇಕು. ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನುಗಳಿಗೆ ಮರದ ತುಂಡು, ಗಿಡದ ನೆರಳು ಇಷ್ಟ.

ಆಮೇಲೆ ನಿಮ್ಮ ಬಿಡುವು ನೋಡಿಕೊಳ್ಳಿ. ಡಚ್ ಶೈಲಿಯಲ್ಲಿ ಗಿಡಗಳದ್ದೇ ಕಾರುಬಾರು, ಆಗಾಗ ಕತ್ತರಿಸುತ್ತಲೇ ಇರಬೇಕು. ಜಪಾನಿನ ಇವಾಗುಮಿ ಶೈಲಿಯಲ್ಲಿ ಕೆಲವೇ ಕಲ್ಲು, ನೆಲಕ್ಕೆ ಹಾಸಿದಂಥ ಗಿಡ. ನೋಡೋಕೆ ಸರಳ ಅಲ್ವಾ? ಆದರೆ ಆ ಹಾಸು ದಟ್ಟವಾಗಿ ಬೆಳೆಯಲು ಒಳ್ಳೆಯ ಬೆಳಕು, ಸಾಮಾನ್ಯವಾಗಿ ಕಾರ್ಬನ್ ಡೈಆಕ್ಸೈಡ್ ಕೂಡ ಬೇಕು.

ಹೊಸಬರಿಗೆ ನನ್ನ ಸಲಹೆ: ಒಂದು ಚಂದದ ಡ್ರಿಫ್ಟ್‌ವುಡ್ (ಅಕ್ವೇರಿಯಂನಲ್ಲಿ ಇಡುವ ಮರದ ತುಂಡು), ಅದಕ್ಕೆ ದಾರದಿಂದ ಕಟ್ಟಿದ ಅನುಬಿಯಾಸ್ ಮತ್ತು ಜಾವಾ ಫರ್ನ್ ಗಿಡಗಳು. ಕಡಿಮೆ ಬೆಳಕಲ್ಲೂ ಬದುಕುತ್ತವೆ. ಅವುಗಳ ದಪ್ಪ ಅಡ್ಡಕಾಂಡವನ್ನು ಮಾತ್ರ ಮರಳಲ್ಲಿ ಹೂಳಬೇಡಿ, ಕೊಳೆಯುತ್ತದೆ. ಹೊಸ ಮರದಿಂದ ನೀರು ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಅದು ಮರ ಬಿಡುವ ಟ್ಯಾನಿನ್ ಎಂಬ ಅಂಶ, ಟೆಟ್ರಾಗಳಿಗೆ ಒಗ್ಗುತ್ತದೆ.

ಕಲ್ಲು ಹಾಕುವ ಮುಂಚೆ ಅದರ ಮೇಲೆ ವಿನೆಗರ್ ಹನಿಸಿ. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದ ಅಂಶವಿದೆ, ನೀರು ಗಡಸಾಗುತ್ತದೆ. ಮಲಾವಿ ಮೀನುಗಳಿಗೆ ಅದು ಸರಿ, ಟೆಟ್ರಾಗಳಿಗೆ ಬೇಡ.